ಐಎಲ್‌ಎಸ್ ಹಿಡಿದು ಇಳಿಯುವಾಗ ಪೈಲಟ್‌ಗಳು ಎಲ್ಲಿ ಎಡವುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡದವರ ಜೊತೆ ವಿಮಾನದ ಮಾತು ಶುರುವಾದರೆ ಅದು ತಿರುಗಿ ತಿರುಗಿ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ವಿಮಾನ ಕಮರಿಗೆ ಬಿದ್ದ 2010ರ ಮೇ 22ಕ್ಕೇ ಬಂದು ನಿಲ್ಲುತ್ತದೆ. ತರಗತಿಯಲ್ಲಿ ಹುಡುಗರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ. ಗಲ್ಫ್‌ನಲ್ಲಿ ಮಗನನ್ನು ಬಿಟ್ಟಿರುವ ಅಮ್ಮಂದಿರು ಕೇಳುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ಬುಡದಿಂದ

ಐಎಲ್‌ಎಸ್ ಐಎಲ್‌ಎಸ್ ಅಂತಾರಲ್ಲ, ಏನದು? ವಿಮಾನ ತಾನಾಗೇ ಇಳಿದುಬಿಡುತ್ತಾ?

ಇನ್ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್ ಅನ್ನುವುದರ ಚಿಕ್ಕ ಹೆಸರು ಅದು. ರನ್‌ವೇ ತುದಿಯಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ರೇಡಿಯೋ ದಾರಿಗಳನ್ನು ಆಕಾಶಕ್ಕೆ ಬಿಡುತ್ತಾರೆ. ಒಂದು ಲೋಕಲೈಸರ್: ನೀವು ರನ್‌ವೇ ನೇರಕ್ಕೆ ಇದ್ದೀರಾ, ಎಡಕ್ಕೋ ಬಲಕ್ಕೋ ಸರಿದಿದ್ದೀರಾ ಅಂತ ಹೇಳುತ್ತದೆ. ಇನ್ನೊಂದು ಗ್ಲೈಡ್ ಸ್ಲೋಪ್: ಇಳಿಜಾರಿನ ಮೇಲಿದ್ದೀರಾ ಕೆಳಗಿದ್ದೀರಾ ಅಂತ ಹೇಳುತ್ತದೆ. ಆ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಅಂದರೆ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿಲೋಮೀಟರ್; ಮುಂದೆ ಮೈಲಿ ಅಂದಲ್ಲೆಲ್ಲ ಇದೇ) ಸುಮಾರು 300 ಅಡಿ ಇಳಿಯಬೇಕು.

ಪ್ರತಿ ದಾರಿಯಲ್ಲೂ 90 ಹರ್ಟ್ಸ್ ಮತ್ತು 150 ಹರ್ಟ್ಸ್‌ನ ಎರಡು ಸ್ವರ ಇರುತ್ತದೆ. ಎರಡೂ ಸಮ ಕೇಳಿಸಿದರೆ ಪೈಲಟ್ ಎದುರಿನ ಸೂಜಿ ಮಧ್ಯಕ್ಕೆ ಬರುತ್ತದೆ. ಒಂದು ಜೋರಾದರೆ ಸೂಜಿ ಆಚೆಗೋ ಈಚೆಗೋ ವಾಲುತ್ತದೆ. ಸೂಜಿ ತೋರಿಸುವುದು ಇಷ್ಟನ್ನೇ. ಮುಂದೆ ಗುಡ್ಡ ಇದೆಯಾ, ವೇಗ ಸರಿಯಿದೆಯಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಆಟೋಪೈಲಟ್ ಈ ಸೂಜಿಯನ್ನು ಹಿಂಬಾಲಿಸಬಲ್ಲದು. ಆದರೆ ಹೆಚ್ಚಿನ ಲ್ಯಾಂಡಿಂಗ್‌ಗಳಲ್ಲಿ ಕೊನೆಯ ಹಂತವನ್ನು ಪೈಲಟ್ ತನ್ನ ಕೈಯಲ್ಲೇ ಮಾಡುತ್ತಾರೆ.

ಬೆಂಗಳೂರಲ್ಲಿ ಮಂಜು ಬಿದ್ದರೆ ಕೆಲವು ವಿಮಾನ ಇಳಿಯುತ್ತೆ, ಕೆಲವು ಚೆನ್ನೈಗೆ ಹೋಗುತ್ತೆ. ಯಾಕೆ ಹೀಗೆ?

ಐಎಲ್‌ಎಸ್‌ನಲ್ಲಿ ದರ್ಜೆಗಳಿವೆ. ಕ್ಯಾಟ್ 1ರಲ್ಲಿ 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪ ಕಾಣಲೇಬೇಕು. ಕ್ಯಾಟ್ 2ರಲ್ಲಿ 100 ಅಡಿ. ಕ್ಯಾಟ್ 3ರಲ್ಲಿ ಅದಕ್ಕಿಂತಲೂ ಕೆಳಕ್ಕೆ ಬರಬಹುದು, ಅಲ್ಲಿ ಆಟೋಪೈಲಟ್ಟೇ ಇಳಿಸುತ್ತದೆ. ಕೆಂಪೇಗೌಡ ನಿಲ್ದಾಣದ ಹೊಸ ರನ್‌ವೇಯಲ್ಲಿ ಕ್ಯಾಟ್ 3 ಇದೆ. ಆದರೆ ರನ್‌ವೇಗೆ ಇದ್ದರೆ ಸಾಲದು. ವಿಮಾನಕ್ಕೂ ಆ ಸಲಕರಣೆ ಬೇಕು, ಇಬ್ಬರು ಪೈಲಟ್‌ಗಳಿಗೂ ಆ ತರಬೇತಿ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಚೆನ್ನೈ ದಾರಿಯೇ ಗತಿ.

ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ವಿಮಾನ ಜೋರಾಗಿ ಮೇಲಕ್ಕೆ ಹೋಯ್ತು. ನಾವೆಲ್ಲ ಸತ್ತೇ ಹೋದ್ವಿ ಅಂದ್ಕೊಂಡ್ವಿ. ಪೈಲಟ್ ಏನೋ ತಪ್ಪು ಮಾಡಿದ್ರು ಅಲ್ವಾ?

ಅದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಒಂದು ಸುತ್ತು ಹಾಕಿ ಮತ್ತೆ ಬರುವುದು. ಎಂಜಿನ್ ಸದ್ದು ಏರುತ್ತದೆ, ಹೊಟ್ಟೆ ತೊಳಸುತ್ತದೆ, ಪಕ್ಕದ ಸೀಟಿನವರು ದೇವರನ್ನು ನೆನೆಯುತ್ತಾರೆ. ಭಯ ಆಗುವುದು ಸಹಜ. ಆದರೆ ಆ ಹೊತ್ತಿನಲ್ಲಿ ನಿಮ್ಮ ಪೈಲಟ್ ತನ್ನ ಕೆಲಸವನ್ನು ಅತ್ಯಂತ ಸರಿಯಾಗಿ ಮಾಡುತ್ತಿದ್ದಾರೆ. ಗಾಳಿ ಬದಲಾಗಿರಬಹುದು, ಮೊದಲೇ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಕ್ಕಿಲ್ಲ, ಅಥವಾ ತಾನೇ ಸ್ವಲ್ಪ ಎತ್ತರದಲ್ಲಿದ್ದೇನೆ ಅಂತ ಅವರಿಗೆ ಅನ್ನಿಸಿರಬಹುದು. ಮುಂದಿನ ಸಲ ಹೀಗಾದರೆ ಇಳಿಯುವಾಗ ಒಂದು ಥ್ಯಾಂಕ್ಸ್ ಹೇಳಿ ಹೋಗಿ. ಕೆಳಗೆ ಬರುವ ಕಥೆಗಳಲ್ಲಿ ಹೆಚ್ಚಿನವು ಗೋ ಅರೌಂಡ್ ಮಾಡದೆ ಹೋದವರ ಕಥೆಗಳು.

"ಸ್ಟೆಬಿಲೈಸ್ಡ್ ಅಪ್ರೋಚ್" ಅಂತ ವರದಿಗಳಲ್ಲಿ ಬರುತ್ತೆ. ಸರಳವಾಗಿ ಹೇಳಿ.

ಮೋಡದೊಳಗೆ ಇಳಿಯುತ್ತಿದ್ದರೆ 1,000 ಅಡಿಗೆ, ಹೊರಗೆ ಚೆನ್ನಾಗಿ ಕಾಣುತ್ತಿದ್ದರೆ 500 ಅಡಿಗೆ ಬರುವಷ್ಟರಲ್ಲಿ ಎಲ್ಲ ಸಿದ್ಧವಾಗಿರಬೇಕು. ಚಕ್ರ ಕೆಳಗೆ, ಫ್ಲ್ಯಾಪ್ (ನಿಧಾನಕ್ಕೆ ಹಾರಲು ರೆಕ್ಕೆಯಿಂದ ಚಾಚುವ ಹಲಗೆ) ಸರಿ, ವೇಗ ಸರಿ, ಸೂಜಿ ಮಧ್ಯದಲ್ಲಿ, ನಿಮಿಷಕ್ಕೆ 1,000 ಅಡಿಗಿಂತ ಜಾಸ್ತಿ ಇಳಿಯುತ್ತಿಲ್ಲ. ಇದರಲ್ಲಿ ಒಂದು ತಪ್ಪಿದರೂ ಗೋ ಅರೌಂಡ್. ಎಷ್ಟೋ ಏರ್‌ಲೈನ್‌ಗಳ ಕೈಪಿಡಿಯಲ್ಲಿ ಅಂಕಿ ಸ್ವಲ್ಪ ಆಚೀಚೆ ಇರಬಹುದು, ಮಾತು ಇದೇ.

ಒಂದು ಮನೆಲೆಕ್ಕ ಇದೆ, ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ರನ್‌ವೇ 10 ಮೈಲಿ ದೂರ ಇದ್ದರೆ ಎತ್ತರ 3,000 ಅಡಿ ಇರಬೇಕು. 5 ಮೈಲಿಗೆ 1,500. ದೂರವನ್ನು 300ರಿಂದ ಗುಣಿಸಿದರೆ ಆಯ್ತು. ಸೂಜಿ ಏನೇ ಹೇಳಲಿ, ಈ ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ.

ಫ್ಲೈಟ್ ಸೇಫ್ಟಿ ಫೌಂಡೇಶನ್ ಅನ್ನುವ ವಿಮಾನ ಸುರಕ್ಷತೆಯ ಸಂಸ್ಥೆ ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಅದರ ಪ್ರಕಾರ ಸ್ಥಿರವಾಗಿಲ್ಲದ ಅಪ್ರೋಚ್‌ಗಳಲ್ಲಿ ಗೋ ಅರೌಂಡ್ ಆಗುವುದು ನೂರಕ್ಕೆ ಸುಮಾರು 3 ಮಾತ್ರ. ಉಳಿದವರು ಹಾಗೇ ಇಳಿಸಿಬಿಡುತ್ತಾರೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಏನೂ ಆಗದೆ ಇರುವುದೇ ಕೆಟ್ಟ ಅಭ್ಯಾಸವನ್ನು ಬೆಳೆಸುತ್ತದೆ.

## ಬಜ್ಪೆಯ ಆ ಬೆಳಗು

ಮಂಗಳೂರಲ್ಲಿ ಆವತ್ತು ನಿಜಕ್ಕೂ ಏನಾಯ್ತು?

ದುಬೈನಿಂದ ಬರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೋಯಿಂಗ್ 737-800. ಒಳಗೆ 166 ಜನ. ಬೆಳಿಗ್ಗೆ 6 ಗಂಟೆ ದಾಟಿತ್ತು. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, 6 ಕಿಲೋಮೀಟರ್ ದೂರ ಕಾಣುತ್ತಿತ್ತು. ಇಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇಕಿರಲಿಲ್ಲ.

ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ಕೋ-ಪೈಲಟ್ ದೂರದಿಂದಲೇ ಇಳಿಯಲು ಅನುಮತಿ ಕೇಳಿದರೂ ಕಂಟ್ರೋಲರ್ ಕೊಡಲಿಲ್ಲ. ಸುಮಾರು 77 ಮೈಲಿ ಇರುವಾಗ ಇಳಿಯಲು ಬಿಟ್ಟರು. ತಡವಾಗಿತ್ತು, ಆದರೆ ಸರಿಮಾಡಿಕೊಳ್ಳಲು ಆಗದಷ್ಟು ತಡವಾಗಿರಲಿಲ್ಲ. ಕ್ಯಾಪ್ಟನ್ ಅಲ್ಲಿಯವರೆಗೆ ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ನಿದ್ದೆಯಲ್ಲಿದ್ದರು. ಕಾಕ್‌ಪಿಟ್ ರೆಕಾರ್ಡರಿನಲ್ಲಿ ಅವರ ಗೊರಕೆ ದಾಖಲಾಗಿದೆ.

ರನ್‌ವೇ ಎರಡೂವರೆ ಮೈಲಿ ಇರುವಾಗ ರೇಡಿಯೋ ಆಲ್ಟಿಮೀಟರ್ (ಕೆಳಗಿನ ನೆಲದಿಂದ ಎತ್ತರ ಅಳೆಯುವ ಯಂತ್ರ) 2,500 ಅಡಿ ಅಂತ ಕೂಗಿತು. ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಮೇಲಿತ್ತು. ತುಂಬಾ ಎತ್ತರದಲ್ಲಿದ್ದೇವೆ ಅಂತ ಕೋ-ಪೈಲಟ್ ಹೇಳಿದರು. ಕ್ಯಾಪ್ಟನ್ ಆಟೋಪೈಲಟ್ ತೆಗೆದು ಮೂಗು ಕೆಳಗೆ ಮಾಡಿದರು. ಇಳಿಯುವ ವೇಗ ನಿಮಿಷಕ್ಕೆ 4,000 ಅಡಿಯ ಹತ್ತಿರ ಹೋಯಿತು. ನೆಲ ಹತ್ತಿರ ಬರುತ್ತಿದೆ ಅಂತ ಎಚ್ಚರಿಸುವ ಯಂತ್ರ ಮತ್ತೆ ಮತ್ತೆ ಕೂಗಿಕೊಂಡಿತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು.

ರನ್‌ವೇ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ (ಗಂಟೆಗೆ 144 ನಾಟಿಕಲ್ ಮೈಲಿ) ವೇಗದಲ್ಲಿ ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿಯಲ್ಲಿ, 160 ನಾಟ್‌ನಲ್ಲಿ. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲಕ್ಕೆ ಕೂತದ್ದು 5,200 ಅಡಿ ಕಳೆದ ಮೇಲೆ. ಆಗಲೂ ಬ್ರೇಕ್ ಒತ್ತಿಹಿಡಿದಿದ್ದರೆ ನಿಲ್ಲಬಹುದಿತ್ತು ಅಂತ ತನಿಖೆ ಹೇಳಿದೆ. ಕ್ಯಾಪ್ಟನ್ ಬ್ರೇಕ್ ಬಿಟ್ಟು ಮತ್ತೆ ಹಾರಲು ನೋಡಿದರು. ರನ್‌ವೇ ಮುಗಿಯಿತು. ಲೋಕಲೈಸರ್ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ಬಲ ರೆಕ್ಕೆ ಬಡಿಯಿತು. ವಿಮಾನ ಕಮರಿಗೆ ಬಿತ್ತು. 158 ಜನ ಹೋದರು. 8 ಜನ ಉಳಿದರು. ದಾರಿ ತೋರಿಸಲು ನಿಲ್ಲಿಸಿದ್ದ ಆಂಟೆನಾದ ಕಟ್ಟೆಗೇ ರೆಕ್ಕೆ ತಾಗಿತು ಅನ್ನುವುದನ್ನು ಇಷ್ಟು ವರ್ಷ ಆದರೂ ನಾನು ಸಮಾಧಾನದಿಂದ ಹೇಳಲಾರೆ.

ರನ್‌ವೇ ಗುಡ್ಡದ ಮೇಲೆ ಕಟ್ಟಿದ್ದೇ ಕಾರಣ ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಹೌದಾ?

ಗುಡ್ಡ ತಪ್ಪನ್ನು ಮಾಡಿಸಲಿಲ್ಲ, ತಪ್ಪನ್ನು ಕ್ಷಮಿಸಲಿಲ್ಲ. ಸಮತಟ್ಟಾದ ಜಾಗದಲ್ಲಿ ಇದೇ ವಿಮಾನ ಗದ್ದೆಗೆ ನುಗ್ಗಿ ನಿಂತಿದ್ದರೆ ಎಷ್ಟೋ ಜನ ಎದ್ದು ನಡೆದು ಬರುತ್ತಿದ್ದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ತಂಡ ನೇರ ಕಾರಣ ಅಂತ ಬರೆದದ್ದು ಬೇರೆ: ಅಪ್ರೋಚ್ ಕೆಟ್ಟಿದ್ದರೂ ಕ್ಯಾಪ್ಟನ್ ಅದನ್ನು ಕೈಬಿಡಲಿಲ್ಲ, ಕೋ-ಪೈಲಟ್‌ನ ಮೂರು ಕರೆಗಳನ್ನೂ ಯಂತ್ರದ ಎಚ್ಚರಿಕೆಗಳನ್ನೂ ಮೀರಿ ಇಳಿಸಲು ಹೋದರು.

ಎತ್ತರ ಎರಡು ಪಟ್ಟು ಇದ್ದಾಗ ಸೂಜಿ ತೋರಿಸಬೇಕಿತ್ತಲ್ಲ? ಐಎಲ್‌ಎಸ್ ಸುಳ್ಳು ಹೇಳಿತಾ?

ಒಳ್ಳೆಯ ಪ್ರಶ್ನೆ. ಗ್ಲೈಡ್ ಸ್ಲೋಪ್ ಆಂಟೆನಾ ಕೆಲಸ ಮಾಡುವ ರೀತಿಯಲ್ಲೇ ಒಂದು ತೊಡಕಿದೆ. ಅಸಲಿ 3 ಡಿಗ್ರಿ ದಾರಿಯ ಮೇಲೆ, 6 ಮತ್ತು 9 ಡಿಗ್ರಿಯ ಆಸುಪಾಸಿನಲ್ಲಿ, ಎರಡು ಸ್ವರಗಳು ಮತ್ತೆ ಸಮ ಆಗುವ ಜಾಗಗಳಿವೆ. ಸುಳ್ಳು ದಾರಿಗಳು ಅನ್ನಿ. ಅಲ್ಲೂ ಸೂಜಿ ಮಧ್ಯಕ್ಕೆ ಬರುತ್ತದೆ, ಯಂತ್ರ ಕೆಟ್ಟಿಲ್ಲದಿದ್ದರೂ. ಕೆಲವು ಕಡೆ ಅದರ ತೋರಿಕೆ ಉಲ್ಟಾ ಕೂಡ ಆಗುತ್ತದೆ.

ಅದಕ್ಕೇ ಹಳೆಯ ನಿಯಮ: ಗ್ಲೈಡ್ ಸ್ಲೋಪನ್ನು ಯಾವತ್ತೂ ಕೆಳಗಿನಿಂದ ಹಿಡಿಯಿರಿ. ಕೆಳಗಿನಿಂದ ಹೋದರೆ ಮೊದಲು ಸಿಗುವುದು ಅಸಲಿ ದಾರಿ. ಮೇಲಿನಿಂದ ಬಂದರೆ ಮೊದಲು ಸಿಗುವುದು ಸುಳ್ಳು. ಬಜ್ಪೆಯಲ್ಲಿ ವಿಮಾನ ಮೇಲಿನಿಂದ ಬಂದು ಸುಳ್ಳು ದಾರಿ ಹಿಡಿಯಿತು. ಐಎಲ್‌ಎಸ್ ಹಿಡಿದಿದ್ದೀರಾ ಅಂತ ಟವರ್ ಕೇಳಿದಾಗ ಹೌದು ಅನ್ನುವ ಉತ್ತರ ಹೋಯಿತು.

2013ರ ಮೇ 31ರಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇನ್ನೊಂದು 737-800 ಇದೇ ರೀತಿ ಮೇಲಿನಿಂದ ಬಂತು. ಅಲ್ಲಿ ಆಟೋಪೈಲಟ್ ಸುಳ್ಳು ಸಂಕೇತ ಹಿಡಿದು ಮೂಗನ್ನು ಗಬಕ್ಕನೆ ಮೇಲೆತ್ತಿತು, ವೇಗ ಕುಸಿಯಿತು. ಪೈಲಟ್‌ಗಳು ಗೋ ಅರೌಂಡ್ ಮಾಡಿದರು, ಎಲ್ಲರೂ ಉಳಿದರು. ದೂರವನ್ನು 300ರಿಂದ ಗುಣಿಸುವ ಲೆಕ್ಕ ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ಲ.

ನಿದ್ದೆ ಬಂದರೆ ಮನುಷ್ಯ ಮಲಗದೆ ಏನು ಮಾಡ್ತಾನೆ? ಎದ್ದು ಹತ್ತಾರು ನಿಮಿಷ ಆಗಿತ್ತಲ್ಲ?

ಮಲಗಿದ್ದಕ್ಕಿಂತ ಎದ್ದ ಹೊತ್ತು ಕೆಟ್ಟದು. ಗಾಢ ನಿದ್ದೆಯಿಂದ ಎದ್ದವರ ಮೆದುಳು ತಕ್ಷಣ ಪೂರ್ತಿ ಎಚ್ಚರವಾಗುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಗಿನ ಜಾವ ಊರು ಬಂತು ಅಂತ ಎಬ್ಬಿಸಿದಾಗ ಚಪ್ಪಲಿ ಎಲ್ಲಿ, ಬ್ಯಾಗ್ ಎಲ್ಲಿ ಅಂತ ತಡಕಾಡುತ್ತೀರಲ್ಲ, ಅದೇ ಮಂಪರು. ಒಂದೊಂದು ಸಲ ಅರ್ಧ ಗಂಟೆ ಇರುತ್ತದೆ. ಜೊತೆಗೆ ನಡುರಾತ್ರಿ ಕಳೆದು ಬೆಳಗಾಗುವವರೆಗಿನ ಗಂಟೆಗಳಲ್ಲಿ ದೇಹ ತಾನಾಗೇ ತಗ್ಗಿರುತ್ತದೆ. ಕ್ಯಾಪ್ಟನ್‌ನ ತೀರ್ಮಾನ ಕೆಟ್ಟದ್ದಕ್ಕೆ ಇವೆರಡೂ ಸೇರಿರಬಹುದು ಅಂತ ವರದಿ ಹೇಳುತ್ತದೆ.

## ಬೇರೆ ಕಡೆಯ ಕಥೆಗಳು

ಯಂತ್ರ ಕೆಟ್ಟರೂ ಪೈಲಟ್ ತಪ್ಪು ಅಂತಾರೆ. ಇದು ನ್ಯಾಯಾನಾ?

ಎಷ್ಟೋ ಸಲ ನ್ಯಾಯವಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಕಥೆ ನೋಡಿ. 2009ರ ಫೆಬ್ರವರಿ 25, ಟರ್ಕಿಷ್ ಏರ್‌ಲೈನ್ಸ್ 1951. ಸುಮಾರು 2,000 ಅಡಿ ಎತ್ತರದಲ್ಲಿರುವಾಗ ಎಡಗಡೆಯ ರೇಡಿಯೋ ಆಲ್ಟಿಮೀಟರ್ ಮೈನಸ್ 8 ಅಡಿ ಅಂತ ತೋರಿಸಿತು. ವಿಮಾನ ನೆಲ ಮುಟ್ಟುತ್ತಿದೆ ಅಂದುಕೊಂಡ ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನಾಗೇ ಏರಿಸಿ ಇಳಿಸುವ ಯಂತ್ರ) ಶಕ್ತಿಯನ್ನು ಪೂರ್ತಿ ಇಳಿಸಿತು. ಕಂಟ್ರೋಲರ್ ಅವರನ್ನೂ ಗ್ಲೈಡ್ ಸ್ಲೋಪಿಗೆ ಮೇಲಿನಿಂದ ತಿರುಗಿಸಿದ್ದರು. ಮೇಲಿನಿಂದ ಇಳಿಯುವಾಗ ಹೇಗೂ ಎಂಜಿನ್ ಶಕ್ತಿ ಕಮ್ಮಿ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಕಾಕ್‌ಪಿಟ್‌ನಲ್ಲಿ ಮೂವರು ಪೈಲಟ್‌ಗಳಿದ್ದರು. ಚೆಕ್‌ಲಿಸ್ಟ್ ಓದುತ್ತಿದ್ದರು. ವೇಗದ ಅಂಕಿ ಕಣ್ಣೆದುರಿಗೇ ಕುಸಿಯುತ್ತಿತ್ತು. ಇರಬೇಕಾದದ್ದಕ್ಕಿಂತ ಸುಮಾರು 40 ನಾಟ್ ಕಮ್ಮಿಯಾಗಿ, 460 ಅಡಿಯಲ್ಲಿ, ವೇಗ ಸಾಲದು ಅಂತ ಎಚ್ಚರಿಸಲು ಕೈಯಲ್ಲಿದ್ದ ಕಂಟ್ರೋಲ್ ನಡುಗತೊಡಗಿದಾಗಲೇ ಗೊತ್ತಾದದ್ದು. 9 ಜನ ಸತ್ತರು, ಮೂವರು ಪೈಲಟ್‌ಗಳೂ ಸೇರಿ. ಮೊದಲ ತಪ್ಪು ಯಂತ್ರದ್ದು. ಎರಡನೆಯದು ಅದನ್ನು ಹಾಗೆ ಮಾಡಿದ ವಿನ್ಯಾಸದ್ದು. ಮನುಷ್ಯನದು ಕೊನೆಯದು, ಆದರೆ ತಡೆಯಬಹುದಾಗಿದ್ದದ್ದೂ ಅದೊಂದೇ.

ಗ್ಲೈಡ್ ಸ್ಲೋಪ್ ಬಂದ್ ಆಗಿದೆ ಅಂತ ಮೊದಲೇ ಹೇಳಿದ್ದರೂ ಯಾರಾದರೂ ಅದನ್ನು ನಂಬಿ ಇಳಿಯುತ್ತಾರಾ?

1997ರ ಆಗಸ್ಟ್ 6ರಂದು ಗುವಾಮ್ ದ್ವೀಪದಲ್ಲಿ ಹಾಗೇ ಆಯಿತು. ಕೊರಿಯನ್ ಏರ್ 801. ಗ್ಲೈಡ್ ಸ್ಲೋಪ್ ದುರಸ್ತಿಯಲ್ಲಿದೆ ಅಂತ ಮೊದಲೇ ಸೂಚನೆ ಇತ್ತು, ಕಂಟ್ರೋಲರ್ ಕೂಡ ಹೇಳಿದರು. ಆದರೂ ಅದು ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಕಾಕ್‌ಪಿಟ್‌ನಲ್ಲೇ ಮಾತು ನಡೆಯಿತು. ಕತ್ತಲು, ಮಳೆ, ದಣಿದ ಕ್ಯಾಪ್ಟನ್. ರನ್‌ವೇಗೆ ಮೂರು ಮೈಲಿ ಮೊದಲೇ ನಿಮಿಟ್ಜ್ ಗುಡ್ಡಕ್ಕೆ ಬಡಿಯಿತು. 254 ಜನರಲ್ಲಿ 228 ಜನ ಹೋದರು. ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯದಿದ್ದರೆ ಹೇಳಿಯೂ ಹೇಳದ ಹಾಗೆ.

1990ರಲ್ಲಿ ಬೆಂಗಳೂರಿನ ಗಾಲ್ಫ್ ಮೈದಾನಕ್ಕೆ ಬಿದ್ದ ವಿಮಾನವೂ ಇದೇ ಥರಾನಾ?

ಅದು ಐಎಲ್‌ಎಸ್ ಹಿಡಿದು ಇಳಿಯುತ್ತಿದ್ದ ವಿಮಾನವಲ್ಲ. ಆದರೆ ತಪ್ಪಿನ ಬೇರು ಒಂದೇ ಆದ್ದರಿಂದ ಹೇಳುತ್ತೇನೆ. ಫೆಬ್ರವರಿ 14, ಇಂಡಿಯನ್ ಏರ್‌ಲೈನ್ಸ್ 605, ಆಗಿನ್ನೂ ಹೊಸದಾಗಿದ್ದ ಏರ್‌ಬಸ್ 320. ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿರುವಾಗ ಆಟೊಮೇಶನ್ ಎಂಜಿನ್‌ಗಳನ್ನು ಐಡಲ್‌ನಲ್ಲಿ, ಅಂದರೆ ಅತಿ ಕಮ್ಮಿ ಶಕ್ತಿಯಲ್ಲಿ, ಇಡುವ ಮೋಡ್‌ಗೆ ಹೋಯಿತು. ನಿಮಿಷಕ್ಕೆ 700 ಅಡಿ ಇಳಿವೇಗ ಇಡಲು ಹೋಗಿ ಪಕ್ಕದ ಎತ್ತರದ ಗುಂಡಿಯನ್ನು 700ಕ್ಕೆ ತಿರುಗಿಸಿರಬಹುದು ಅನ್ನುವುದು ಒಂದು ಊಹೆ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಯೋಚಿಸಿ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ, ಪೈಲಟ್‌ಗಳು ಪರಿಸ್ಥಿತಿಯನ್ನು ಸಮಯಕ್ಕೆ ಗುರುತಿಸಿ ಶಕ್ತಿ ಕೊಡಲಿಲ್ಲ ಅಂತ ಹೇಳಿತು. 146 ಜನರಲ್ಲಿ 92 ಜನ ಸತ್ತರು.

ಬರೀ ಸಾವಿನ ಕಥೆಗಳೇ. ಸರಿಯಾದ ಹೊತ್ತಿಗೆ ತಪ್ಪು ಹಿಡಿದವರು ಯಾರೂ ಇಲ್ವಾ?

ಇದ್ದಾರೆ, ಬೇಕಾದಷ್ಟು ಜನ. ಸುದ್ದಿಯಾಗುವುದಿಲ್ಲ ಅಷ್ಟೇ. ನನಗೆ ಬಹಳ ಇಷ್ಟವಾದದ್ದು 2000ದ ಜುಲೈ 29ರ ಘಟನೆ. ಏರ್ ನ್ಯೂಜಿಲೆಂಡ್ 60, ಸಮೋವಾದ ಆಪಿಯಾಕ್ಕೆ ರಾತ್ರಿ ಹೊತ್ತು ಇಳಿಯುತ್ತಿತ್ತು. ನೆಲದ ಗ್ಲೈಡ್ ಸ್ಲೋಪ್ ಯಂತ್ರ ತಪ್ಪು ಸಂಕೇತ ಬಿಡುತ್ತಿತ್ತು. ವಿಮಾನ ಎಲ್ಲಿದ್ದರೂ ಸೂಜಿ ಮಧ್ಯದಲ್ಲೇ! ಕೆಂಪು ಎಚ್ಚರಿಕೆ ಇಲ್ಲ, ಏನೂ ಇಲ್ಲ. ಆದರೆ ಕಿಟಕಿಯಲ್ಲಿ ದ್ವೀಪದ ದೀಪಗಳು ಇರಬಾರದ ಜಾಗದಲ್ಲಿ ಕಂಡವು. ದೂರದ ಅಂಕಿ ನೋಡಿದರೆ ರನ್‌ವೇ ಇನ್ನೂ ಐದಾರು ಮೈಲಿ ಆಚೆ. ಕ್ಯಾಪ್ಟನ್ ತಕ್ಷಣ ಗೋ ಅರೌಂಡ್ ಮಾಡಿದರು. ಆಗ ಕೆಳಗೆ ಉಳಿದಿದ್ದದ್ದು ಸುಮಾರು 400 ಅಡಿ. ಎಲ್ಲರೂ ಮನೆಗೆ ಹೋದರು.

## ಇನ್ನೂ ಸ್ವಲ್ಪ ಆಳಕ್ಕೆ

ಇಳಿಯುವಾಗ ಪೈಲಟ್‌ಗಳು ಸುಮ್ನೆ ಮಾತಾಡಬಾರದು ಅಂತ ರೂಲ್ ಇದೆಯಂತೆ?

ಇದೆ. 10,000 ಅಡಿಗಿಂತ ಕೆಳಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. 1974ರಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಮಂಜಿನ ನಡುವೆ ಇಳಿಯುತ್ತಿದ್ದ ಈಸ್ಟರ್ನ್ 212ರ ಪೈಲಟ್‌ಗಳು ರಾಜಕೀಯ, ಹಳೆ ಕಾರು ಅಂತ ಮಾತಾಡುತ್ತಾ ಎತ್ತರ ಮರೆತರು. 72 ಜನ ಸತ್ತರು. 1981ರಲ್ಲಿ ಅಮೆರಿಕ ಈ ನಿಯಮ ತಂದಿತು.

ಜಿಪಿಎಸ್ ಇರುವಾಗ ಈ ಹಳೆ ರೇಡಿಯೋ ಯಾಕೆ ಬೇಕು? ಅದರಲ್ಲಿ ತಪ್ಪೇ ಆಗಲ್ಲ ಅಲ್ವಾ?

ತಪ್ಪು ಜಾಗ ಬದಲಿಸುತ್ತದೆ, ಅಷ್ಟೇ. ಉಪಗ್ರಹ ಹಿಡಿದು ಇಳಿಯುವ ಕೆಲವು ಅಪ್ರೋಚ್‌ಗಳಲ್ಲಿ ಇಳಿಜಾರಿನ ಲೆಕ್ಕ ಆಲ್ಟಿಮೀಟರಿಗೆ ಕೊಟ್ಟ ಗಾಳಿಯ ಒತ್ತಡದ ಅಂಕಿಯ ಮೇಲೆ ನಿಂತಿರುತ್ತದೆ. 2022ರ ಮೇ 23ರಂದು ಪ್ಯಾರಿಸ್‌ನಲ್ಲಿ ಕಂಟ್ರೋಲರ್ 1001 ಅನ್ನುವ ಬದಲು 1011 ಅಂದರು. ಹತ್ತು ಅಂಕಿಯ ವ್ಯತ್ಯಾಸಕ್ಕೆ ವಿಮಾನ ಸುಮಾರು 280 ಅಡಿ ಕೆಳಗೆ ಬಂತು. ಮಳೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಗೋ ಅರೌಂಡ್ ಮಾಡಿ ಮೇಲೇಳುವಾಗ ನೆಲಕ್ಕೂ ವಿಮಾನಕ್ಕೂ ಇದ್ದ ಅಂತರ 6 ಅಡಿ. ಐಎಲ್‌ಎಸ್‌ನ ಇಳಿಜಾರು ನೆಲದಿಂದ ಹೊರಡುವುದರಿಂದ ಈ ಒಂದು ತಪ್ಪು ಅದನ್ನು ಬಗ್ಗಿಸುವುದಿಲ್ಲ. ಹಳೆಯದಾದರೂ ನಾನು ಅದನ್ನು ಗೌರವಿಸುವುದು ಇದಕ್ಕೇ.

ಮಂಗಳೂರಿನಿಂದ ನಾವು ಏನಾದರೂ ಕಲಿತ್ವಾ?

ಕಲಿತದ್ದು ಇದೆ. ತರಬೇತಿ ಬದಲಾಯಿತು, ಗೋ ಅರೌಂಡ್ ಮಾಡಿದ್ದಕ್ಕೆ ಪೈಲಟ್‌ನನ್ನು ದೂರಬಾರದು ಅನ್ನುವ ನೀತಿ ಬಂತು. ಆದರೆ 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ ನಡೆದದ್ದನ್ನು ಓದುವಾಗ ಎದೆ ಭಾರವಾಗುತ್ತದೆ. ಅದೂ ದುಬೈನಿಂದ ಬಂದ ವಿಮಾನ, ಅದೂ ಗುಡ್ಡದ ಮೇಲಿನ ರನ್‌ವೇ. ಜೋರು ಮಳೆ. ಮೊದಲ ಸಲ ಗೋ ಅರೌಂಡ್ ಮಾಡಿದರು, ಸರಿಯಾಗೇ ಮಾಡಿದರು. ಎರಡನೆಯ ಸಲ ಇನ್ನೊಂದು ದಿಕ್ಕಿನಿಂದ, ಬೆನ್ನ ಹಿಂದಿನ ಗಾಳಿಯಲ್ಲಿ ಬಂದರು. 8,858 ಅಡಿಯ ರನ್‌ವೇಯಲ್ಲಿ ಚಕ್ರ ತಾಗಿದ್ದು 4,438 ಅಡಿಯಲ್ಲಿ. ಕೋ-ಪೈಲಟ್ ಗೋ ಅರೌಂಡ್ ಅಂದಿದ್ದರು. 21 ಜನ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ.

ಕೋ-ಪೈಲಟ್‌ಗೆ ಗೊತ್ತಿತ್ತು, ಮೂರು ಸಲ ಹೇಳಿದರು. ಮತ್ತೆ ಕಂಟ್ರೋಲ್ ಯಾಕೆ ಕಿತ್ಕೊಳ್ಳಲಿಲ್ಲ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಮಂಗಳೂರಿನ ವರದಿಯಲ್ಲಿ ಒಂದು ಸಾಲಿದೆ: ಗೋ ಅರೌಂಡ್ ಮಾಡುವ ಅಧಿಕಾರ ಕೋ-ಪೈಲಟ್‌ಗೆ ಇದೆಯಾ ಅನ್ನುವ ಸೂಚನೆಗಳು ಸ್ಪಷ್ಟವಾಗಿರಲಿಲ್ಲ, ಅದು ಅವರ ಕೈ ಕಟ್ಟಿರಬಹುದು. ಅನುಭವದಲ್ಲಿ ಹಿರಿಯರಾದವರ ಕೈಯಿಂದ ವಿಮಾನ ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ದೊಡ್ಡವರು ಕಾರು ಜೋರಾಗಿ ಓಡಿಸುವಾಗ ಸ್ವಲ್ಪ ನಿಧಾನ ಅನ್ನಲೂ ನಾವು ಎರಡು ಸಲ ಯೋಚಿಸುತ್ತೇವೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. 1990ರ ನವೆಂಬರ್ 14ರಂದು ಜ್ಯೂರಿಕ್‌ನಲ್ಲಿ ಅಲಿಟಾಲಿಯಾ 404ರ ಕೋ-ಪೈಲಟ್ ಗೋ ಅರೌಂಡ್ ಶುರುಮಾಡಿಯೇಬಿಟ್ಟಿದ್ದರು. ಕ್ಯಾಪ್ಟನ್ ತಡೆದರು. ಕೆಟ್ಟುಹೋದ ರಿಸೀವರ್ ಸೂಜಿಯನ್ನು ಮಧ್ಯದಲ್ಲೇ ತೋರಿಸುತ್ತಿತ್ತು, ಕ್ಯಾಪ್ಟನ್ ಸೂಜಿಯನ್ನು ನಂಬಿದರು. ವಿಮಾನ ಗುಡ್ಡಕ್ಕೆ ಬಡಿದು 46 ಜನವೂ ಸತ್ತರು.

ಈಗ ತರಬೇತಿಯಲ್ಲಿ ಮಾತಿಗೂ ಮೆಟ್ಟಿಲು ಕಟ್ಟಿದ್ದಾರೆ. ಮೊದಲು ಅಂಕಿ ಹೇಳಬೇಕು: "ಎತ್ತರ ಜಾಸ್ತಿ ಇದೆ, ವೇಗ 20 ಹೆಚ್ಚು." ಉತ್ತರ ಬರದಿದ್ದರೆ ಹೆಸರು ಹಿಡಿದು ಹೇಳಬೇಕು: "ಕ್ಯಾಪ್ಟನ್, ಅಪ್ರೋಚ್ ಸ್ಟೇಬಲ್ ಇಲ್ಲ, ಗೋ ಅರೌಂಡ್." ಎರಡು ಸಲ ಹೇಳಿದರೂ ಕೈ ಕದಲದಿದ್ದರೆ ಆ ಮನುಷ್ಯ ಮಂಪರಿನಲ್ಲಿದ್ದಾನೆ ಅಂತಲೇ ತಿಳಿಯಬೇಕು. ಆಗ "ಐ ಹ್ಯಾವ್ ಕಂಟ್ರೋಲ್" ಅಂತ ಜೋರಾಗಿ ಹೇಳಿ ಕೈ ಹಾಕಬೇಕು. ಸಿಮ್ಯುಲೇಟರ್‌ನಲ್ಲಿ ಮೊದಲ ಸಲ ಇದನ್ನು ಮಾಡುವ ಹುಡುಗರ ಧ್ವನಿ ನಡುಗುತ್ತದೆ. ಎದುರಿಗಿರುವುದು ನಟನೆ ಮಾಡುತ್ತಿರುವ ತರಬೇತುದಾರ ಅಂತ ಗೊತ್ತಿದ್ದರೂ ನಡುಗುತ್ತದೆ. ಆದ್ದರಿಂದ ಮತ್ತೆ ಮತ್ತೆ ಮಾಡಿಸುತ್ತಾರೆ. 737ರಲ್ಲಿ ಗೋ ಅರೌಂಡ್ ಗುಂಡಿ ಥ್ರಾಟಲ್ ಹಿಡಿಯ ಮೇಲೇ ಇದೆ, ಇಬ್ಬರ ನಡುವೆ, ಎಡಗಡೆ ಕೂತವರಿಗೆ ಎಷ್ಟು ದೂರವೋ ಬಲಗಡೆ ಕೂತವರಿಗೂ ಅಷ್ಟೇ ದೂರ.